ರಾಜ್ಯಮಟ್ಟದ ರಾಜಕಾರಣಿಯ ಜೀವನಚಿತ್ರ ಬರೆಯುವ ಬಗೆ: ದೇವರಾಜ ಅರಸು ಅವರ ನಿದರ್ಶನ

ಮೊದಲು ಹುದ್ದೆಗಳ ಕಾಲಾನುಕ್ರಮವನ್ನು ಸಿದ್ಧಪಡಿಸಿಕೊಳ್ಳಬೇಕು. ಕೆಲಸ ನೀರಸವಾದರೂ ಹೆಚ್ಚಿನ ಲೇಖನಗಳು ಎಡವುವುದು ಇಲ್ಲಿಯೇ. ಅರಸು ಅವರು 1972ರಿಂದ 1980ರವರೆಗೆ ಮುಖ್ಯಮಂತ್ರಿಯಾಗಿದ್ದರು ಎಂದು ಒಂದೇ ಉಸಿರಿಗೆ ಬರೆದರೆ, 1977ರ ಡಿಸೆಂಬರ್ 31ರಂದು ಅವರ ಸರ್ಕಾರ ವಜಾಗೊಂಡದ್ದು, ರಾಷ್ಟ್ರಪತಿ ಆಳ್ವಿಕೆ ಬಂದದ್ದು, ಚುನಾವಣೆ ಗೆದ್ದು 1978ರ ಫೆಬ್ರವರಿ ಕೊನೆಯಲ್ಲಿ ಅವರು ಮರಳಿದ್ದು, ಇಷ್ಟೂ ಮರೆಯಾಗುತ್ತದೆ. ಹೆಸರುಗಳನ್ನೂ ಆಯಾ ಕಾಲಕ್ಕೆ ತಕ್ಕಂತೆ ಬಳಸಬೇಕು: ಅವರು ಅಧಿಕಾರ ವಹಿಸಿಕೊಂಡದ್ದು ಮೈಸೂರು ರಾಜ್ಯದಲ್ಲಿ, ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಬರಿದೇ ‘ಕಾಂಗ್ರೆಸ್’ ಎಂದರೆ 1969ರ ಒಡಕಾಗಲಿ, ಇಂದಿರಾ ಗಾಂಧಿಯವರೊಡನೆ 1979ರಲ್ಲಿ ಮುರಿದುಬಿದ್ದ ನಂಟಾಗಲಿ ಓದುಗರಿಗೆ ತಿಳಿಯುವುದಿಲ್ಲ.

ಹುಟ್ಟು, ಶಿಕ್ಷಣಗಳಿಗೆ ಒಂದು ಪ್ಯಾರಾ ಸಾಕು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ, 1915, ಅರಸು ಮನೆತನ ಎಂಬ ವಿವರಗಳಿಗೆ ಅರ್ಥ ಬರುವುದು, ಸಂಖ್ಯಾಬಲವಿಲ್ಲದ ಸಮುದಾಯದಿಂದ ಬಂದವರು ಸಣ್ಣಪುಟ್ಟ ಜಾತಿಗಳನ್ನು ಒಗ್ಗೂಡಿಸಿದ ರಾಜಕಾರಣದೊಂದಿಗೆ ಅವುಗಳನ್ನು ಇಟ್ಟು ನೋಡಿದಾಗ.

ಅನಂತರ ಒಂದೇ ಒಂದು ನಿರ್ಧಾರವನ್ನು ಆರಿಸಿಕೊಂಡು ಅದು ಜಾರಿಯಾದ ಕಟ್ಟಕಡೆಯ ಮೇಜಿನವರೆಗೂ ಹಿಂಬಾಲಿಸಿ. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಭೂಸುಧಾರಣಾ ಕಾಯ್ದೆ 1961ರದು, ಅದಕ್ಕೆ ಹಲ್ಲು ಬಂದದ್ದು ಅರಸು ಕಾಲದ ತಿದ್ದುಪಡಿಯಿಂದ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು, ಅಂದರೆ ಅದರ ಒಡೆತನ ಸರ್ಕಾರಕ್ಕೆ ಸೇರಿತು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಅಧಿಕಾರಿಯ ಜೊತೆ ಅಧಿಕಾರೇತರ ಸದಸ್ಯರೂ ಕೂರುತ್ತಿದ್ದ ಭೂ ನ್ಯಾಯಮಂಡಳಿಯ ಮುಂದೆ ತಮ್ಮ ಸಾಗುವಳಿಯನ್ನು ಸ್ಥಾಪಿಸಬೇಕಿತ್ತು. ಬಾಯಿಮಾತಿನ ಗೇಣಿಗೆ ರಸೀದಿ ಎಲ್ಲಿಂದ ತರುವುದು? ಆದ್ದರಿಂದ ಇಂಥ ಮಂಡಳಿಯ ಒಂದು ಆದೇಶಪತ್ರ ಸಿಕ್ಕರೆ ಅದರ ಸರ್ವೆ ನಂಬರು, ವಿಸ್ತೀರ್ಣ, ಸಾಕ್ಷಿಗಳ ಹೇಳಿಕೆಗಳನ್ನು ಗಮನವಿಟ್ಟು ಓದಿ; ಹತ್ತು ಅಭಿನಂದನಾ ಭಾಷಣಗಳಿಗಿಂತ ಅದು ಹೆಚ್ಚು ಹೇಳುತ್ತದೆ. ಗೇಣಿ ಪದ್ಧತಿ ದಟ್ಟವಾಗಿದ್ದ ಕರಾವಳಿಯ ಅನುಭವವನ್ನು ಇಡೀ ರಾಜ್ಯಕ್ಕೆ ಅನ್ವಯಿಸಬಾರದು.

ಹಿಂದುಳಿದ ವರ್ಗಗಳ ಹಾವನೂರು ಆಯೋಗವನ್ನೂ ಹೀಗೆಯೇ ನೋಡಬೇಕು: 1972ರ ನೇಮಕ, 1975ರ ವರದಿ, 1977ರ ಮೀಸಲಾತಿ ಆದೇಶ ಇವು ಮೂರು ಬೇರೆ ಬೇರೆ ಘಟನೆಗಳು. ಮೆಚ್ಚುಗೆಯ ಭರದಲ್ಲಿ ಆರೋಪಗಳನ್ನು ಕೈಬಿಡುವಂತಿಲ್ಲ. ಅರಸು ಮತ್ತು ಅವರ ಸರ್ಕಾರದ ಮೇಲಿನ ಭ್ರಷ್ಟಾಚಾರದ ಆರೋಪಗಳ ವಿಚಾರಣೆಗೆ ಕೇಂದ್ರದ ಜನತಾ ಸರ್ಕಾರ 1977ರಲ್ಲಿ ನೇಮಿಸಿದ ಗ್ರೋವರ್ ಆಯೋಗವನ್ನು ರಾಜ್ಯ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿ ಸೋತಿತು. ಆ ತೀರ್ಪು ನಿರ್ಣಯಿಸಿದ್ದು ಕೇಂದ್ರಕ್ಕೆ ಅಂಥ ಅಧಿಕಾರವಿದೆಯೇ ಎಂಬುದನ್ನೇ ಹೊರತು ಆರೋಪಗಳ ಸತ್ಯಾಸತ್ಯತೆಯನ್ನಲ್ಲ. ಈ ವ್ಯತ್ಯಾಸ ಬರವಣಿಗೆಯಲ್ಲಿ ಸ್ಪಷ್ಟವಾಗಿರಬೇಕು.

ಅಧಿಕಾರ ಹೋದೊಡನೆ ಕಥೆ ನಿಲ್ಲಿಸುವುದು ರೂಢಿ, ಆದರೆ ಅದು ಸರಿಯಲ್ಲ. ಅರಸು 1982ರ ಜೂನ್ 6ರಂದು ನಿಧನರಾದರೂ ಅವರು ಕಟ್ಟಿದ ಕ್ರಾಂತಿರಂಗ ಜನತಾ ಪಕ್ಷದ ಜೊತೆಗೂಡಿ 1983ರ ಜನವರಿಯಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರಕ್ಕೆ ದಾರಿ ಮಾಡಿತು. ಅವರ ರಾಜಕೀಯ ಜೀವನದ ಬರಹ ಅಲ್ಲಿಯವರೆಗೂ ಸಾಗಬೇಕು.