ಎತ್ತುವ ಸಂಕ: ತೂಕಕ್ಕೆ ತೂಕ ಕೂಡಿಸಿದ ನನ್ನ ಅನುಭವ

ಕುಮಟಾ ಕಡೆ ನನ್ನದೊಂದು ವೆಲ್ಡಿಂಗ್ ಶಾಪ್ ಇದೆ. ಗೇಟು, ಗ್ರಿಲ್, ಶೀಟಿನ ಮಾಡು, ಇವೇ ದಿನದ ಕೆಲಸ. ಅಘನಾಶಿನಿ ಹಿನ್ನೀರಿನ ಗಜನಿ (ಉಪ್ಪುನೀರು ನುಗ್ಗುವ ಗದ್ದೆ) ಹತ್ತಿರದ ಒಂದು ಕೋಡಿಗೆ, ಅಂದರೆ ಸಣ್ಣ ನೀರಿನ ಹಾದಿಗೆ, ಕಾಲುಸಂಕ (ನಡೆದು ದಾಟುವ ಸೇತುವೆ) ಬೇಕು ಅಂತ ಊರವರು ಬಂದಾಗ, ಐಬೀಮ್ ಹಾಕಿ ಹಲಗೆ ಕೂರಿಸಿದರೆ ಮುಗೀತು ಅಂದುಕೊಂಡಿದ್ದೆ. ಆದರೆ ಅದೇ ಕೋಡಿಯಲ್ಲಿ ಬಳಚು (ಚಿಪ್ಪಿನ ಜೀವಿ) ತೆಗೆಯುವವರ ದೋಣಿಗಳೂ ಹೋಗುತ್ತವೆ. ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ನೀರು ಒಂದೂವರೆಯಿಂದ ಎರಡು ಮೀಟರ್ ಏರಿಳಿಯುತ್ತದೆ. ಉಬ್ಬರದಲ್ಲಿ ದೋಣಿ ದಾಟಬೇಕಾದರೆ ಸಂಕ ಎತ್ತರ ಆಗಬೇಕು. ಎತ್ತರ ಆದರೆ ಎರಡೂ ಕಡೆ ಮೆಟ್ಟಿಲು ಬೇಕು. ಸೈಕಲ್ ತಳ್ಳಿಕೊಂಡು ಬರುವವರು, ತಲೆ ಮೇಲೆ ಬುಟ್ಟಿ ಹೊತ್ತವರು ಏನು ಮಾಡಬೇಕು?

ದೋಣಿಯವರಲ್ಲಿ ಹಿರಿಯರೊಬ್ಬರು ಹೇಳಿದರು: "ತಮಾ, ಸಂಕ ಎತ್ರ ಮಾಡೂದ್ ಬ್ಯಾಡ. ಎತ್ತೂಕೆ ಬರೂ ಹಾಂಗೆ ಮಾಡು."

ರಾಮೇಶ್ವರಕ್ಕೆ ಹೋಗುವ ಪಾಂಬನ್ ರೈಲು ಸೇತುವೆಯಲ್ಲಿ ಮಾಡಿದ್ದೂ ಇದನ್ನೇ. ರೈಲು ಕಡಿದಾದ ಏರು ಹತ್ತುವುದಿಲ್ಲ. ನೂರು ಮೀಟರಿಗೆ ಒಂದು ಮೀಟರ್ ಏರು ಅಂತ ಹಿಡಿದರೂ, ಸೇತುವೆಯನ್ನು 10 ಮೀಟರ್ ಎತ್ತರಿಸಲು ಎರಡೂ ಕಡೆ ಒಂದೊಂದು ಕಿಲೋಮೀಟರ್ ಏರು ಬೇಕು. ಅದಕ್ಕೇ 1914ರ ಹಳೇ ಸೇತುವೆಯಲ್ಲಿ ನಡುವಿನ ಎರಡು ಭಾಗ ಮೇಲೆದ್ದು ಹಡಗಿಗೆ ದಾರಿ ಬಿಡುತ್ತಿದ್ದವು, ಕೆಲಸಗಾರರು ಕೈಯಿಂದಲೇ ತಿರುಗಿಸುತ್ತಿದ್ದರು. 2025ರಲ್ಲಿ ಶುರುವಾದ ಹೊಸ ಸೇತುವೆಯಲ್ಲಿ 72.5 ಮೀಟರ್ ಉದ್ದದ ತುಂಡು ಎರಡು ಗೋಪುರಗಳ ನಡುವೆ ನೆಟ್ಟಗೆ 17 ಮೀಟರ್‌ವರೆಗೆ ಏರುತ್ತದೆ. ಇನ್ನು ಕೆಲವು ಸೇತುವೆಗಳು ಕಂಬದ ಮೇಲೆ ಅಡ್ಡಡ್ಡ ತಿರುಗುತ್ತವೆ, ಸೂಯೆಜ್ ಕಾಲುವೆಯ ಎಲ್ ಫರ್ದಾನ್ ಹಾಗೆ. ನಮ್ಮ ಕಾಳಿ, ಶರಾವತಿಗೆ ಇದರ ಅಗತ್ಯ ಬರಲಿಲ್ಲ. ಕಾರವಾರ ಬಂದರು ಬೈತಖೋಲದಲ್ಲಿ, ಸಮುದ್ರದ ಬದಿಗೇ ಇದೆ. ದೊಡ್ಡ ಹಡಗು ಹೊಳೆ ಒಳಗೆ ಹೋಗುವುದೇ ಇಲ್ಲ.

ಇವೆಲ್ಲದರಲ್ಲಿ ನನಗೆ ಬೇಕಾದ ಪಾಠ ಒಂದೇ. ಎತ್ತುವ ಸಂಕದಲ್ಲಿ ಎತ್ತುವ ಶಕ್ತಿಯ ಬಗ್ಗೆ ತಲೆ ಕೆಡಿಸಿಕೊಳ್ಳಬಾರದು, ತೂಕ ಸರಿದೂಗಿಸಬೇಕು. ಲಂಡನ್ನಿನ ಟವರ್ ಬ್ರಿಡ್ಜಿನ ಒಂದೊಂದು ರೆಕ್ಕೆ ಸಾವಿರ ಟನ್ನಿಗೂ ಜಾಸ್ತಿ. ಹಿಂದೆ ಎದುರುಭಾರ (ತೂಕ ಸರಿದೂಗಿಸುವ ಭಾರ) ಇರುವುದರಿಂದಲೇ ಅದು ಅಷ್ಟು ಸಲೀಸಾಗಿ ಏಳುತ್ತದೆ.

ಅಲ್ಲಿ ಎದುರುಭಾರ ರಸ್ತೆಯ ಕೆಳಗೆ, ಒಣ ಗುಂಡಿಯೊಳಗೆ ಇಳಿಯುತ್ತದೆ. ನಮ್ಮಲ್ಲಿ ಅದು ಆಗದ ಮಾತು. ಉಬ್ಬರ ಬಂದರೆ ಭಾರ ನೀರಿಗೆ ಮುಳುಗುತ್ತದೆ. ಕಾಂಕ್ರೀಟ್ ಉಪ್ಪುನೀರಲ್ಲಿ ಮುಳುಗಿದರೆ ಅದರ ತೂಕದಲ್ಲಿ ನೂರಕ್ಕೆ ನಲವತ್ತಕ್ಕಿಂತ ಜಾಸ್ತಿ ಇಲ್ಲದಂತಾಗುತ್ತದೆ. ಇಳಿತದಲ್ಲಿ ಹಗುರಾಗಿ ಏಳುವ ಸಂಕ ಉಬ್ಬರದಲ್ಲಿ ಅಲ್ಲಾಡುವುದಿಲ್ಲ. ದೋಣಿ ಬರುವುದೇ ಆಗ ಅಲ್ವಾ? ಅದಕ್ಕೆ ಡಚ್ಚರ ಕಾಲುವೆಗಳ ಮೇಲಿರುವ ಮಾದರಿ ಹಿಡಿದೆ. ದಡದ ಮೇಲೆ ಎರಡು ಕಂಬ, ಕಂಬದ ತಲೆಯಲ್ಲಿ ಏತದ ಹಾಗೆ ಎರಡು ಉದ್ದ ಕೈ. ಮುಂದಿನ ತುದಿಯಿಂದ ಸರಪಳಿ ಸಂಕಕ್ಕೆ ಇಳಿಯುತ್ತದೆ, ಹಿಂದಿನ ತುದಿಯಲ್ಲಿ ಭಾರದ ಪೆಟ್ಟಿಗೆ.

ಲೆಕ್ಕ ಹೀಗೆ. ಸಂಕ 6 ಮೀಟರ್ ಉದ್ದ, 1 ಮೀಟರ್ ಅಗಲ, ಕೈಹಿಡಿಯುವ ಕಂಬಿ ಸೇರಿ 360 ಕೆಜಿ. ತೂಕದ ನಡುಬಿಂದು ಹಿಂಜಿನಿಂದ (ಸಂಕ ತಿರುಗುವ ಕೀಲಿನಿಂದ) 3 ಮೀಟರ್ ದೂರದಲ್ಲಿ. 360ನ್ನು 3ರಿಂದ ಗುಣಿಸಿದರೆ 1080. ಹಿಂದಿನ ಕೈ 2.4 ಮೀಟರ್. ಭಾಗಿಸಿದರೆ 450 ಕೆಜಿ. ಮುಂದಿನ ಕೈ ಉದ್ದ ಇರುವುದರಿಂದ ಅದರ ಸ್ವಂತ ಭಾರಕ್ಕೆ ಇನ್ನೊಂದು 60. ಒಟ್ಟು 510 ಕೆಜಿ.

ಇಲ್ಲಿ ಒಂದು ಮುಖ್ಯ ಅಳತೆ ಇದೆ. ಕೆಳಗೆ ಹಿಂಜಿನಿಂದ ಸರಪಳಿ ಕಟ್ಟಿದ ಜಾಗಕ್ಕೆ ಎಷ್ಟು ದೂರವೋ, ಮೇಲೂ ಕೈ ತಿರುಗುವ ಪಿನ್ನಿನಿಂದ ಸರಪಳಿಗೆ ಅಷ್ಟೇ ದೂರ ಇರಬೇಕು. ನಾನು ಎರಡೂ ಕಡೆ 4.5 ಮೀಟರ್ ಇಟ್ಟೆ. ಮೇಲಿನ ಪಿನ್ನು ಹಿಂಜಿನ ನೇರ ಮೇಲೆ, ಸರಪಳಿ ಅವೆರಡರ ನಡುವಿನ ಎತ್ತರದಷ್ಟೇ ಉದ್ದ. ಆಗ ಸಂಕ ಎಷ್ಟು ಎದ್ದರೂ ಮೇಲಿನ ಕೈ ಅದಕ್ಕೆ ಸಮಾಂತರವಾಗಿಯೇ ಇರುತ್ತದೆ. ಅರ್ಧದಲ್ಲಿ ಬಿಟ್ಟರೂ ತೂಕ ಸರಿದೂಗುತ್ತದೆ. ಈ ಅಳತೆ ತಪ್ಪಿದರೆ ಮಲಗಿದಾಗ ಸರಿಯಿದ್ದ ತೂಕ ಎದ್ದಾಗ ಕೆಡುತ್ತದೆ.

ಪೆಟ್ಟಿಗೆಯನ್ನು ಪೂರ್ತಿ ಕಾಂಕ್ರೀಟ್‌ನಿಂದ ತುಂಬಿಸಲಿಲ್ಲ. ಮೇಲೆ ಜಾಗ ಬಿಟ್ಟು ಕಬ್ಬಿಣದ ತುಂಡುಗಳನ್ನು ಇಟ್ಟಿದ್ದೇನೆ. ಕಾರಣ ಮಳೆಗಾಲ. ಹಲಗೆ ನೀರು ಕುಡಿದು ಭಾರ ಆಗುತ್ತದೆ, ಆಗ ತುಂಡು ಸೇರಿಸಬೇಕು. ಬೇಸಿಗೆಯಲ್ಲಿ ತೆಗೆಯಬೇಕು. ದೊಡ್ಡ ಸೇತುವೆಗಳಲ್ಲೂ ಹೀಗೆ ಸೇರಿಸಿ ತೆಗೆಯುವ ಬಿಲ್ಲೆಗಳು ಇರುತ್ತವೆ. ಯಾವಾಗಲೂ ಸಂಕದ ತುದಿ ಹತ್ತು ಕೆಜಿಯಷ್ಟು ಜಾಸ್ತಿ ಭಾರ ಇರಲೇಬೇಕು. ಇಲ್ಲದಿದ್ದರೆ ಅದು ಆಚೆ ದಡದ ಮೇಲೆ ಗಟ್ಟಿಯಾಗಿ ಕೂರುವುದಿಲ್ಲ, ಕಾಲಿಟ್ಟರೆ ಅದುರುತ್ತದೆ. ಆ ಹತ್ತು ಕೆಜಿಗೆ ಹಿಂದಿನ ತುದಿಗೆ ಕಟ್ಟಿದ ಹಗ್ಗದಲ್ಲಿ ಸುಮಾರು 25 ಕೆಜಿ ಎಳೆತ ಬೇಕು. ಬಳಚು ತೆಗೆಯಲು ಹೋಗುವ ಅಕ್ಕಂದಿರು ಒಬ್ಬೊಬ್ಬರೇ ಎಳೆದು ಎತ್ತುತ್ತಾರೆ.

ಗಾಳಿ ವಿಷಯದಲ್ಲಿ ಮಾತ್ರ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಗಂಟೆಗೆ 72 ಕಿಲೋಮೀಟರ್ ಗಾಳಿ ಚದರ ಮೀಟರಿಗೆ ಸುಮಾರು 24 ಕೆಜಿ ಒತ್ತುತ್ತದೆ. ಎದ್ದು ನಿಂತ ಸಂಕದ ಮೇಲೆ ಅದು 144 ಕೆಜಿ. ಹಲಗೆಗಳ ನಡುವೆ ಸಂದು ಬಿಟ್ಟಿದ್ದರಿಂದ ಸ್ವಲ್ಪ ಕಡಿಮೆ ಆಗಬಹುದು ಅಷ್ಟೇ. ಸಂಕ ನೆಟ್ಟಗಾಗುವ ಮೊದಲೇ ತಡೆಯುವ ಸ್ಟಾಪರ್ ಇದೆ, ಎತ್ತಿದ ಮೇಲೆ ಹಾಕಲು ಕೊಂಡಿ ಇದೆ. ಆದರೂ ಜೋರು ಗಾಳಿಗೆ ಎತ್ತಲೇಬಾರದು. ಭಾರದ ಪೆಟ್ಟಿಗೆ ಇಳಿಯುವುದು ದಡದ ದಾರಿ ಮೇಲೆ, ಹಾಗಾಗಿ ಅಲ್ಲಿ ಅಡ್ಡ ಸರಪಳಿ ಹಾಕಿದ ಮೇಲೇ ಹಗ್ಗಕ್ಕೆ ಕೈ ಹಾಕಬೇಕು. ಮಕ್ಕಳು ಅದರ ಕೆಳಗೆ ಸುಮ್ನೆ ನಿಂತು ನೋಡುತ್ತಿರುತ್ತಾರೆ, ಅವರನ್ನು ಮೊದಲು ಕಳಿಸಬೇಕು.

ಹಿಂಜಿನ ಪಿನ್ನು ಸ್ಟೀಲಿನದು, ಅದು ತಿರುಗುವ ಬುಷ್ (ಒಳಕೊಳವೆ) ಗನ್‌ಮೆಟಲ್‌ ಎಂಬ ಕಂಚಿನದು. ಗ್ರೀಸ್ ತುಂಬಲು ಗ್ರೀಸ್ ನಿಪ್ಪಲ್ ಇಡುವುದನ್ನು ಮರೆಯಬೇಡಿ. ಉಪ್ಪುಗಾಳಿಗೆ ಗ್ರೀಸ್ ಒಣಗಿದರೆ ಎಷ್ಟು ತೂಕ ಸರಿದೂಗಿಸಿದರೂ ಸಂಕ ಏಳುವುದಿಲ್ಲ. ಸರಪಳಿ ಗ್ಯಾಲ್ವನೈಸ್ (ಸತು ಲೇಪ) ಆಗಿರುವುದನ್ನೇ ತರಬೇಕು. ಕೊಂಡಿಕೊಂಡಿ ಉಜ್ಜುವಲ್ಲಿ ಸತು ಮೊದಲು ಸವೆಯುತ್ತದೆ. ಮಳೆ ಮುಗಿದ ಮೇಲೆ ಅಲ್ಲೇ ಬೆರಳು ಹಾಕಿ ನೋಡಿ, ತೆಳ್ಳಗಾಗಿದ್ದರೆ ಸರಪಳಿ ಬದಲಿಸಿ.