ಅಜ್ಜನ ಪುಸ್ತಿಕೆ ಮಾಡುವುದು ಹೇಗೆ: ಕಿರ್ದಿ, ಸ್ಕೋರು ಮತ್ತು ಅರ್ಧ ಕಿಲೋ ಪೇಡೆ

ಗದಗಿನಲ್ಲಿ ಯಾರಾದರೂ ತೀರಿಕೊಂಡರೆ ಓಣಿಯ ತಿರುವಿನಲ್ಲಿ ಫ್ಲೆಕ್ಸ್ ಏಳುವುದಕ್ಕೆ ಹೊತ್ತು ಹಿಡಿಯುವುದಿಲ್ಲ. ನಮ್ಮಜ್ಜನದೂ ಎದ್ದಿತು. ‘ಸರಳ ಸಜ್ಜನ, ಅಜಾತಶತ್ರು’ ಎಂದು ಬರೆಸಿದ್ದರು. ಅಜ್ಜಿ ಅದನ್ನು ಓದಿಸಿಕೊಂಡು, ‘ಇದು ಯಾರದಬೇ?’ ಅಂದಳು. ಮೂವತ್ತೊಂದು ವರ್ಷ ಸೊಸೈಟಿ ಅಂಗಡಿಯ ಮ್ಯಾನೇಜರ್ ಆಗಿ ಉದ್ರಿ ವಸೂಲಿ ಮಾಡಿದವನಿಗೆ ಶತ್ರುಗಳೇ ಇರಲಿಲ್ಲ ಅಂದರೆ ಅವಳಾದರೂ ಹೇಗೆ ನಂಬಬೇಕು?

ಆ ಸಿಟ್ಟಿಗೇ ಮೊದಲ ಪುಣ್ಯಸ್ಮರಣೆಯ ಹೊತ್ತಿಗೆ ಅಜ್ಜನ ಮೇಲೆ ಇಪ್ಪತ್ನಾಲ್ಕು ಪುಟದ ಪುಸ್ತಿಕೆ ಮಾಡಿದೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಮಾಡುವ ಮನಸ್ಸಿದ್ದರೆ ನಾನು ಎಡವಿದ ಜಾಗಗಳು ಉಪಯೋಗಕ್ಕೆ ಬರಬಹುದು.

ಮೊದಲು ಗುಣಗಳ ಪಟ್ಟಿ ಬಿಡಿ, ಸಾಮಾನು ಹುಡುಕಿ. ಟ್ರಂಕು, ಗಲ್ಲೆಪೆಟ್ಟಿಗೆ, ಅಂಗಿಯ ಜೇಬು, ಕ್ಯಾಲೆಂಡರಿನ ಹಿಂಬದಿ, ಎಲ್ಲ. ನನಗೆ ಸಿಕ್ಕಿದ್ದು ಕೆಂಪು ರಟ್ಟಿನ ಹನ್ನೊಂದು ಕಿರ್ದಿ ಪುಸ್ತಕ. ಸೊಸೈಟಿಯವಲ್ಲ, ಅಜ್ಜನ ಖಾಸಗಿ ಲೆಕ್ಕದವು. ಎಡಪುಟದಲ್ಲಿ ಹಾಲು, ಸೋಡಾ, ಬಸ್ ಚಾರ್ಜು, ಸಾಯಂಕಾಲದ ಶಿಲ್ಕು. ಬಲಪುಟದಲ್ಲಿ ಸ್ಕೋರು. ಒಂದು ಪುಟದಲ್ಲಿ ಬೇರೇನೂ ಇಲ್ಲ, 10-6-6-5 ಅಷ್ಟೇ, ಕೆಳಗೆ ಎರಡು ಗೆರೆ. ಕ್ರಿಕೆಟ್ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: 1999ರ ಸೆಪ್ಟೆಂಬರ್ 26, ನೈರೋಬಿ, ದಕ್ಷಿಣ ಆಫ್ರಿಕದ ಮೇಲೆ ನಮ್ಮ ಗದಗಿನ ಸುನಿಲ್ ಜೋಶಿ ಹತ್ತು ಓವರಿನಲ್ಲಿ ಆರು ಮೇಡನ್ ಹಾಕಿ, ಆರೇ ರನ್ ಕೊಟ್ಟು ಐದು ವಿಕೆಟ್ ಕಿತ್ತ ದಿನ.

ಹಳೇ ಪುಸ್ತಕ ಸಿಕ್ಕ ಕೂಡಲೇ ಎಲ್ಲರ ಕೈಗೆ ಕೊಡಬೇಡಿ. ಕಿಟಕಿ ಹತ್ತಿರ ಹಗಲು ಬೆಳಕಿನಲ್ಲಿ ಇಟ್ಟು, ಫ್ಲ್ಯಾಶ್ ಆರಿಸಿ, ಫೋನನ್ನು ಪುಟಕ್ಕೆ ನೇರವಾಗಿ ಹಿಡಿದು ಒಂದೊಂದೇ ಪುಟ ತೆಗೆಯಿರಿ. ಅಂಗಡಿಗಳ ಈಗಿನ ನುಣುಪು ಕಾಗದದ ಬಿಲ್ಲುಗಳಿದ್ದರೆ ಅವನ್ನೇ ಮೊದಲು, ವರ್ಷದೊಳಗೆ ಬೆಳ್ಳಗಾಗಿಬಿಡುತ್ತವೆ. ಫೋಟೋ ಹಿಂದೆ ಹೆಸರು ಬರೆಯುವುದಾದರೆ ಪೆನ್ಸಿಲ್ಲಿನಲ್ಲಿ, ಹಗುರಾಗಿ. ಬಾಲ್‌ಪೆನ್ನು ಒತ್ತಿ ಬರೆದು ನಾನು ಅಜ್ಜನ ಕಬಡ್ಡಿ ಟೀಮಿನ ಫೋಟೋದಲ್ಲಿ ಇಬ್ಬರ ಹಣೆಯ ಮೇಲೆ ಗೆರೆ ಮೂಡಿಸಿದ್ದೇನೆ.

ಆಮೇಲೆ ಮಾತು. ‘ಅಜ್ಜ ಹೆಂಗಿದ್ದ?’ ಎಂದು ಕೇಳಿದರೆ ‘ಭಾಳ ಛಲೋ ಮನಿಶ್ಯಾ’ ಎಂಬ ಉತ್ತರ ಬರುತ್ತದೆ, ಮುಗಿಯಿತು. ಕೈಕಾಲು ಇರುವ ಪ್ರಶ್ನೆ ಕೇಳಿ. ಚಿಮಣಿ ಎಣ್ಣಿ ಬಂದ ದಿನ ಅಂಗಡಿ ಎಷ್ಟೊತ್ತಿಗೆ ತೆಗೀತಿದ್ದ? ಉದ್ರಿ ಕೇಳಿದವರಿಗೆ ಮೊದಲ ಮಾತು ಏನಂತಿದ್ದ? ರೇಡಿಯೋ ಕೌಂಟರಿನ ಯಾವ ಕಡೆ ಇರುತ್ತಿತ್ತು? ಈ ಕೊನೆಯ ಪ್ರಶ್ನೆಗೆ ಅಂಗಡಿಯ ಹಳೇ ಹಮಾಲರೊಬ್ಬರು ಎದ್ದು ನಿಂತು ತೋರಿಸಿದರು: ತಕ್ಕಡಿಯ ಹಿಂದೆ, ಸಕ್ಕರೆ ಚೀಲದ ಮೇಲೆ. ವಿಕೆಟ್ ಬಿದ್ದಾಗ ತೂಕ ನಿಲ್ಲುತ್ತಿತ್ತಂತೆ. ‘ನಮ್ಮ ವಿಶ್ವನಾಥ ಔಟಾದ್ರ ಮಾತ್ರ ತೂಕದ ಕಲ್ಲ ಟಪ್ ಅಂತ ಇಡ್ತಿದ್ದರು, ಗಿರಾಕಿ ಹೆದರತಿದ್ದರು.’ ಇದು ಯಾವ ಫ್ಲೆಕ್ಸಿನಲ್ಲೂ ಬರುವ ಮಾತಲ್ಲ.

ಅಜ್ಜಿಯರನ್ನು ಕೂರಿಸಿ ರೆಕಾರ್ಡರ್ ಮುಂದಿಟ್ಟರೆ ಬಾಯಿ ಕಟ್ಟುತ್ತದೆ. ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದು ಮೊದಲೇ ಹೇಳಿ ಒಪ್ಪಿಸಿ, ಫೋನನ್ನು ಬದಿಗಿಟ್ಟು, ಜೋಳ ಹಸನು ಮಾಡಲು ಜೊತೆಗೆ ಕೂತುಬಿಡಿ. ಮೊರದಲ್ಲಿ ಕಾಳು ಆಡುವ ಸದ್ದು ರೆಕಾರ್ಡಿಂಗಿನಲ್ಲಿ ಸೇರುತ್ತದೆ, ಸೇರಲಿ.

ಈಗ ಎಲ್ಲಕ್ಕಿಂತ ತಲೆನೋವಿನ ಕೆಲಸ: ತಾಳೆ ನೋಡುವುದು. ಕುಟುಂಬದ ಕಥೆಗಳು ಉಪ್ಪಿನಕಾಯಿ ಇದ್ದಂತೆ, ವರ್ಷ ಕಳೆದಷ್ಟೂ ಖಾರ. ಜೋಶಿ ಐದು ವಿಕೆಟ್ ತೆಗೆದ ದಿನ ಅಜ್ಜ ಅಂಗಡಿ ಬಾಗಿಲು ಹಾಕಿ ಮ್ಯಾಚ್ ನೋಡಿದ, ಕಮಿಟಿಯವರಿಂದ ಬೈಸಿಕೊಂಡ ಎಂದು ದೊಡ್ಡಪ್ಪ ಮೂರು ಮದುವೆಗಳಲ್ಲಿ ಹೇಳಿದ್ದಾನೆ. ಕ್ಯಾಲೆಂಡರ್ ತೆಗೆದು ನೋಡಿದರೆ ಅವತ್ತು ರವಿವಾರ. ಅಂಗಡಿಗೇ ರಜೆ! ಆದರೆ ಸೋಮವಾರದ ಕಿರ್ದಿಯಲ್ಲಿ ಖರ್ಚಿನ ಕಡೆ ‘ಪೇಡೆ, ಅರ್ಧ ಕಿಲೋ’ ಎಂದಿದೆ. ಸಕ್ಕರೆ ಕಾಯಿಲೆಯಿದ್ದ, ಬಸ್ಸಿಗೆ ಎಂಟಾಣೆ ಹೆಚ್ಚು ಕೊಟ್ಟರೂ ಬರೆದಿಡುತ್ತಿದ್ದ ಮನುಷ್ಯ ಧಾರವಾಡದ ಪೇಡೆ ತಂದು ಗಿರಾಕಿಗಳಿಗೆ ಹಂಚಿದ್ದ. ದೊಡ್ಡಪ್ಪನ ಕಥೆಗಿಂತ ಇದೇ ಚೆನ್ನಾಗಿದೆ ಅಲ್ಲವೆ? ದೊಡ್ಡಪ್ಪ ಎರಡು ದಿನ ಮಾತು ಬಿಟ್ಟ.

ಹಾಗಂತ ತಾಳೆ ನೋಡುವುದು ಕಥೆ ಕೊಲ್ಲುವುದಕ್ಕಷ್ಟೇ ಅಲ್ಲ. ಅದೇ ದೊಡ್ಡಪ್ಪನ ಜನ್ಮದಿನ ಶಾಲೆಯ ದಾಖಲೆಯಲ್ಲಿ ಜೂನ್ 1. ಆ ಕಾಲದಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ, ಹೆಡ್‌ಮಾಸ್ತರರ ಕೃಪೆ. ಅಜ್ಜ ಮಾತ್ರ, ‘ಬಾಂಬೆ ಸೋತ ವಾರ ಹುಟ್ಟಿದಂವ’ ಎನ್ನುತ್ತಿದ್ದ. ಹದಿನೈದು ವರ್ಷ ಬಿಡದೆ ರಣಜಿ ಗೆದ್ದಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಪ್ರಸನ್ನ ಅವರ ನಾಯಕತ್ವದ ಕರ್ನಾಟಕ ಹೊರಗಟ್ಟಿದ್ದು 1974ರ ಮಾರ್ಚಿನಲ್ಲಿ. ಐವತ್ತು ದಾಟಿದ ಮೇಲೆ ದೊಡ್ಡಪ್ಪನಿಗೆ ಹುಟ್ಟಿದ ತಿಂಗಳು ಸಿಕ್ಕಿತು, ಬಿಟ್ಟಿದ್ದ ಮಾತೂ ಮತ್ತೆ ಶುರುವಾಯಿತು. ನಿಮ್ಮ ಅಜ್ಜ ಆಟ ನೋಡುವವರಾಗಿದ್ದರೆ ಮನೆಯ ತಾರೀಖುಗಳಿಗೆ ಸ್ಕೋರುಬೋರ್ಡನ್ನೇ ಪಂಚಾಂಗ ಮಾಡಿಕೊಳ್ಳಿ.

ತಾಳೆ ಆಗದ ಕಥೆಗಳೂ ಇರುತ್ತವೆ. ಜೋಶಿ ಪ್ರಾಕ್ಟೀಸಿಗೆಂದು ಗದಗಿನಿಂದ ಹುಬ್ಬಳ್ಳಿಗೆ ರೈಲು ಹತ್ತುತ್ತಿದ್ದ ಕಾಲದಲ್ಲಿ ಕಿಟ್ ಹೊತ್ತ ಆ ಹುಡುಗನನ್ನು ಸ್ಟೇಷನ್ನಿನಲ್ಲಿ ನೋಡಿದ್ದೆ ಎಂದು ಅಜ್ಜ ಹೇಳುತ್ತಿದ್ದ. ಅದನ್ನು ‘ಅಜ್ಜ ಹೇಳುತ್ತಿದ್ದ’ ಎಂದೇ ಅಚ್ಚು ಹಾಕಿಸಿದೆ.

ಸಿಟ್ಟು, ಹಟ ಬಿಡಬೇಡಿ. ದಸರೆಗೆ ಸಕ್ಕರೆ ಬಂದಾಗ ಅಜ್ಜ ಸ್ವಂತ ಮಗನನ್ನು, ಅಂದರೆ ನಮ್ಮಪ್ಪನನ್ನು, ಪಾಳಿಯಲ್ಲಿ ನಿಲ್ಲಿಸಿದ್ದ. ಅಪ್ಪನ ಪಾಳಿ ಬರುವಷ್ಟರಲ್ಲಿ ಸಕ್ಕರೆ ಖಾಲಿ. ಅಮ್ಮ ಇದನ್ನು ತೆಗೆ ಎಂದಳು. ಅಪ್ಪನೇ ಇಡು ಎಂದ. ಬಿಡಬೇಕಾದದ್ದು ಬೇರೆ ಇದೆ: ಕಿರ್ದಿಯ ಅಂಚಿನಲ್ಲಿ ಅಜ್ಜ ಯಾರ‍್ಯಾರ ಬಾಕಿಗೆ ಕೈಯಿಂದ ಹಣ ತುಂಬಿದ್ದನೋ ಆ ಹೆಸರುಗಳು. ಅವರ ಮೊಮ್ಮಕ್ಕಳು ಅದೇ ಓಣಿಯಲ್ಲಿದ್ದಾರೆ. ಆ ಪುಟದ ಚಿತ್ರ ಹಾಕುವಾಗ ಹೆಸರಿನ ಮೇಲೆ ಪಟ್ಟಿ ಅಂಟಿಸಿದೆ.

ಮುದ್ರಣದ್ದು ಸ್ವಲ್ಪವೇ. ಪಿನ್ ಹೊಡೆದ ಪುಸ್ತಿಕೆಯ ಪುಟಗಳು ನಾಲ್ಕರ ಮಗ್ಗಿಯಲ್ಲಿರಬೇಕು. ನೀವು ಯೂನಿಕೋಡಿನಲ್ಲಿ ಬರೆದದ್ದನ್ನು ಪ್ರೆಸ್ಸಿನವರು ‘ನುಡಿ’ ತಂತ್ರಾಂಶದ ಅಕ್ಷರಕ್ಕೆ ಬದಲಿಸುವಾಗ ಒತ್ತಕ್ಷರ ಎಲ್ಲೆಲ್ಲೋ ಹಾರುತ್ತವೆ, ಆದ್ದರಿಂದ ಕಾಗದದ ಮೇಲೆ ಪ್ರೂಫ್ ನೋಡದೆ ಹೂಂ ಅನ್ನಬೇಡಿ. ನಮ್ಮ ಮೊದಲ ಪ್ರೂಫಿನಲ್ಲಿ ‘ಅಜ್ಜ’ ಎಲ್ಲ ಕಡೆ ‘ಅಜ’ ಆಗಿತ್ತು. ಅಜ ಅಂದರೆ ಆಡು.

ಕೊನೆಗೆ ಎರಡು ಪುಟ ಖಾಲಿ ಬಿಟ್ಟು, ಒಂದು ಪ್ರತಿಯನ್ನು ಪುಣ್ಯಸ್ಮರಣೆಯ ದಿನ ಊಟದ ಪಂಕ್ತಿಯ ಹತ್ತಿರ ಮೇಜಿನ ಮೇಲಿಡಿ. ನಮ್ಮದರಲ್ಲಿ ಯಾರೋ ನಡುಗುವ ಅಕ್ಷರದಲ್ಲಿ ‘ಎರಡು ಕಿಲೋ ಜೋಳ, ಉದ್ರಿ, ಇನ್ನೂ ಕೊಟ್ಟಿಲ್ಲ’ ಎಂದು ಬರೆದು, ಹೆಸರು ಹಾಕದೆ ಊಟ ಮಾಡಿ ಹೋಗಿದ್ದರು. ಪೆನ್ನಿಗೆ ಸುತಳಿ ಕಟ್ಟಿ ಮೇಜಿನ ಕಾಲಿಗೆ ಬಿಗಿಯಿರಿ, ಇಲ್ಲದಿದ್ದರೆ ಎರಡನೇ ಪಂಕ್ತಿಯೊಳಗೆ ಯಾರದೋ ಜೇಬು ಸೇರಿರುತ್ತದೆ. ಅಜ್ಜನ ಕೌಂಟರಿನಲ್ಲೂ ಕಟ್ಟಿಯೇ ಇರುತ್ತಿತ್ತು.