ಫೀನಿಕ್ಸ್‌ನ ಒಣ ಹವೆಗೆ ಒಗ್ಗಿದ ಬಿಲ್ಲು: ನನ್ನ ಅನುಭವ

ಜೂನ್ ತಿಂಗಳ ಒಂದು ಬೆಳಿಗ್ಗೆ ನನ್ನ ಮೊದಲ ಬಿಲ್ಲು ಮುರಿಯಿತು. ಹೆದೆಯನ್ನು ಪೂರ್ತಿ ಎಳೆದೂ ಇರಲಿಲ್ಲ. ಪಟಾರ್ ಅಂತ ಸದ್ದಾಯಿತು, ಮೇಲಿನ ತುಂಡು ಹಾರಿ ಬಂದು ನೆತ್ತಿಗೆ ಬಡಿಯಿತು. ಮುರಿದ ಜಾಗದಲ್ಲಿ ನಾರು ಸಿಗಿದೇ ಇರಲಿಲ್ಲ. ಹಪ್ಪಳ ಮುರಿದ ಹಾಗಿತ್ತು.

ಅದು ಓಸೇಜ್ ಆರೆಂಜ್ ಮರದ್ದು. ಬಿಲ್ಲಿಗೆ ಅಮೆರಿಕದಲ್ಲಿ ತುಂಬಾ ಹೆಸರಾದ ಮರ. ಅದಕ್ಕೆ ಬೈದು ಪ್ರಯೋಜನವಿಲ್ಲ. ಮೈಯಲ್ಲಿ ಶೇ 8-9ರಷ್ಟು ನೀರಿದ್ದರೆ ಚೆನ್ನಾಗಿ ಬಾಗುತ್ತದೆ. ಆದರೆ ನಮ್ಮ ಫೀನಿಕ್ಸ್ ಅಮೆರಿಕದ ಮರುಭೂಮಿ ಊರು, ಇಲ್ಲಿನ ಬೇಸಿಗೆಯಲ್ಲಿ ಮರ ಶೇ 4ರ ಆಸುಪಾಸಿಗೆ ಒಣಗಿಬಿಡುತ್ತದೆ. ಒಣಗಿದಷ್ಟೂ ಬಿಲ್ಲು ಬಿರುಸಾಗುತ್ತದೆ, ಬಾಗೋದು ಮರೆಯುತ್ತದೆ. ಹಪ್ಪಳ ಒಣಗಿಸೋಕೆ ಮಾತ್ರ ಒಳ್ಳೇ ಊರು!

ಎರಡನೇ ಸಲ ಹಿಕರಿ ಹಲಗೆ ತಂದೆ. ಒಣ ಹವೆ ತಡೆಯುವ ಮರ ಅದು. ಅಂಗಡಿಯಲ್ಲಿ ಒಂದು ಗಂಟೆ ಹಲಗೆಗಳನ್ನು ತಿರುವಿ ಹಾಕಿದ್ದೇ ಕೆಲಸ. ನಾರಿನ ಗೆರೆ ಈ ತುದಿಯಿಂದ ಆ ತುದಿಗೆ ನೇರ ಹೋಗಬೇಕು, ನಡುವೆ ಅಂಚಿನಿಂದ ಆಚೆ ಜಾರಬಾರದು. ಇದರಲ್ಲಿ ರಾಜಿಯಾದರೆ ಮುಂದಿನ ಕೆಲಸವೆಲ್ಲ ದಂಡ.

ಬಿಲ್ಲಿನ ಆಕಾರಕ್ಕೆ ಒರಟಾಗಿ ಕತ್ತರಿಸಿ, ಮನೆಯೊಳಗೆ ಕಪಾಟಿನ ಮೇಲಿಟ್ಟೆ. ಗ್ಯಾರೇಜಿನಲ್ಲಿ ಬೇಡವೇ ಬೇಡ, ಅದು ಒಲೆ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗುತ್ತಿದ್ದೆ. 1,392 ಗ್ರಾಂ ಇದ್ದದ್ದು 1,360ಕ್ಕೆ ಇಳಿದು ನಿಂತಿತು. ಎರಡು ವಾರ ಅಲ್ಲಾಡಲಿಲ್ಲ. ಈ ಊರಿನ ಗಾಳಿಗೆ ಮರ ಒಗ್ಗಿತು ಅಂತ ಆಗ ಗೊತ್ತಾಯಿತು. ಆಮೇಲಷ್ಟೇ ಅರ ಹಿಡಿದೆ.

ಉದ್ದ 68 ಇಂಚು, ಅಗಲ ಎರಡು ಇಂಚು. ನೋಡೋಕೆ ಸ್ವಲ್ಪ ದೊಣ್ಣೆ ಥರ ಕಾಣುತ್ತದೆ, ಇರಲಿ. ಉದ್ದ, ಅಗಲ ಜಾಸ್ತಿ ಇದ್ದರೆ ಬಾಗಿನ ಭಾರ ಹಂಚಿಹೋಗುತ್ತದೆ. ಬಿಲ್ಲಿನ ಹೊಟ್ಟೆಯ ಕಡೆಯಿಂದ, ಅಂದರೆ ಎಳೆಯುವವನತ್ತ ಇರುವ ಮೈಯಿಂದ, ನಾಲ್ಕು ಉಜ್ಜು ಉಜ್ಜಿ, ಮೂವತ್ತು ಸಲ ಮೆಲ್ಲಗೆ ಎಳೆದು, ಬಾಗು ನೋಡಿ, ಮತ್ತೆ ಉಜ್ಜುವುದು. ಆಚೆಗಿನ ಮೈ ಬಿಲ್ಲಿನ ಬೆನ್ನು, ಅದಕ್ಕೆ ಅರ ತಾಗಿಸಲೇ ಇಲ್ಲ, ಅಲ್ಲಿನ ನಾರು ಕಡಿದರೆ ಸೀಳು ಶುರುವಾಗೋದೇ ಅಲ್ಲಿಂದ. 26 ಇಂಚು ಎಳೆತಕ್ಕೆ ನಿಲ್ಲಿಸಿದೆ. 28ರ ಆಸೆ ಇತ್ತು, ನೆತ್ತಿ ಬೇಡ ಅಂದಿತು.

ಮೂರು ಬೇಸಿಗೆ ದಾಟಿತು, ಒಂದು ಬಿರುಕೂ ಇಲ್ಲ. ಕಾರಿನಲ್ಲಿ ಬಿಡುವುದಿಲ್ಲ, ಆಟ ಮುಗಿದ ಕೂಡಲೇ ಹೆದೆ ಇಳಿಸುತ್ತೇನೆ. ಕಳೆದ ವರ್ಷ ಸುಮ್ನೆ ಹ್ಯೂಸ್ಟನ್‌ಗೆ ಭಾವನ ಮನೆಗೆ ಒಯ್ದಿದ್ದೆ, ಅಲ್ಲಿನ ಗಾಳಿ ತುಂಬಾ ತೇವ. ಹಿಕರಿ ಗಾಳಿಯ ತೇವವನ್ನು ಬೇಗ ಕುಡಿಯುತ್ತದೆ. ಒಂದು ವಾರದಲ್ಲೇ ಮೆತ್ತಗಾಗಿ, ಹೆದೆ ಇಳಿಸಿದರೂ ಒಂದಿಂಚು ಬಾಗಿಯೇ ನಿಂತಿತು. ಫೀನಿಕ್ಸ್‌ಗೆ ತಂದ ಮೇಲೂ ಆ ಬಾಗು ಹೋಗಿಲ್ಲ.